ನಲವತ್ತೆರಡು ಕಿಟಕಿಗಳ ಹೋಟೆಲು

ನಗರಸಭೆಯ ಅಧ್ಯಕ್ಷರು ಹೋಟೆಲಿನ ಯಜಮಾನನ ಎದೆಗೆ ಪದಕ ಚುಚ್ಚಿದಾಗ ಊರಿನ ಕಿಟಕಿಗಳಿಗೆ ಗಾಜು ಕೂರಿಸುವ ಗಾಜಿನವನು ಕೊನೆಯ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಂಗೈ ಉರಿಯುವಷ್ಟು ತಟ್ಟಿದ. ಕೈಗಳಿಗೆ ಏನಾದರೂ ಕೆಲಸ ಕೊಡದಿದ್ದರೆ ಅವು ನೆಟ್ಟಗೆ ಹೋಗಿ ಯಜಮಾನನ ಕುತ್ತಿಗೆ ಹಿಡಿಯುತ್ತವೆ ಎಂದು ಅವನಿಗೆ ಗೊತ್ತಿತ್ತು.

'ಬಿರುಗಾಳಿಯ ರಾತ್ರಿ ತಮ್ಮ ಪ್ರಾಣದ ಹಂಗು ತೊರೆದು ಒಂಬತ್ತು ಮಂದಿಯನ್ನು ಕಾಪಾಡಿದ ಧೀರರಿಗೆ' ಎಂದು ಅಧ್ಯಕ್ಷರು ಕಾಗದ ನೋಡಿಕೊಂಡು ಓದಿದರು. ಬಿರುಗಾಳಿ ಸರಿ. ರಾತ್ರಿ ಸರಿ. ಯಜಮಾನನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂಬತ್ತು ಮಂದಿ ಎಂಬುದೂ ಸರಿ. ಧೀರ ಮಾತ್ರ ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಆ ರಾತ್ರಿ ಕಡಲು ಎದ್ದು ಬಂದು ಹೋಟೆಲಿನ ಊಟದ ಹಾಲಿನಲ್ಲಿ ಕುಳಿತಿತ್ತು. ಜನ ಮೇಲಿನ ಮಹಡಿಗೆ ಓಡಿದ್ದರು. ಮೆಟ್ಟಿಲು ಅರ್ಧಕ್ಕೆ ಕುಸಿದಿತ್ತು. ಪಕ್ಕದ ಅಂಚೆ ಕಚೇರಿಯ ತಾರಸಿಯಿಂದ ಹೋಟೆಲಿನ ಕಿಟಕಿಗೆ ತನ್ನ ಉದ್ದನೆಯ ಏಣಿಯನ್ನು ಸೇತುವೆಯ ಹಾಗೆ ಅಡ್ಡ ಹಾಕಿ, ಅದರ ಮೇಲೆ ಹತ್ತು ಸಲ ಹೋಗಿ ಹತ್ತು ಸಲ ಬಂದವನು ಗಾಜಿನವನು. ಮೊದಲ ಸಲಕ್ಕೆ ದಾಟಿದ್ದು ಯಜಮಾನ. ದಾಟಿದ ಅನ್ನುವುದಕ್ಕಿಂತ, ಮರಿಕೋತಿಯ ಹಾಗೆ ಗಾಜಿನವನ ಬೆನ್ನಿಗೆ ಕಚ್ಚಿಕೊಂಡು ಬಂದ ಅನ್ನಬೇಕು. 'ಅಮ್ಮಾ, ಅಮ್ಮಾ' ಎಂದು ಕಿರುಚಿದ್ದಕ್ಕೆ ಗಾಜಿನವನ ಬಲಗಿವಿ ಎರಡು ದಿನ ಗುಂಯ್ ಅನ್ನುತ್ತಿತ್ತು. ಆಮೇಲೆ ಎಂಟು ಮಂದಿ ಅತಿಥಿಗಳು, ಒಬ್ಬೊಬ್ಬರಾಗಿ. ಕೊನೆಗೆ ಗಾಜಿನವನ ಸ್ವಂತ ಅಕ್ಕ. ಅವಳು ಅದೇ ಹೋಟೆಲಿನಲ್ಲಿ ಕೋಣೆ ಒರೆಸಿ, ಹಾಸಿಗೆ ಹಾಸುವ ಕೆಲಸದವಳು.

ಕತ್ತಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅತಿಥಿಗಳು ಮರುದಿನವೇ ಲಾರಿ ಹತ್ತಿ ಹೊರಟುಹೋದರು. ಮೂರನೆಯ ದಿನ ಪತ್ರಿಕೆಯವನು ಬಂದಾಗ ಊರಿನಲ್ಲಿ ಒಣಗಿದ ಅಂಗಿ ಇದ್ದದ್ದು ಯಜಮಾನನ ಮೈಮೇಲೆ ಮಾತ್ರ. ಫೋಟೋ ಅವನದೇ ಬಂತು.

"ನೀನಾದ್ರೂ ಬಾಯಿ ಬಿಡಬಹುದಿತ್ತಲ್ಲ ಅಕ್ಕಾ," ಎಂದು ಅವನು ಪದಕ ಚುಚ್ಚಿದ ದಿನ ಮನೆಯಲ್ಲಿ ಊಟಕ್ಕೆ ಕುಳಿತು ಕೇಳಿದ. "ನನ್ನ ಬೆನ್ನ ಮೇಲೆ ಕೂತು ಬಂದವಳು ನೀನು."

"ಬಿಟ್ಟು ಏನು ಮಾಡ್ಲಿ? ನಿಮ್ಮ ಭಾವನ ದೋಣಿ ಸಮುದ್ರದ ಹೊಟ್ಟೇಲಿದೆ. ಈ ಮನೇಲಿ ಕೆಲಸ ಅಂತ ಇರೋದು ನಂದೊಂದು, ನಿಂದೊಂದು. ಸತ್ಯ ಹೇಳಿ ಮನೇಲಿ ಕೂತ್ಕೊಳ್ಲಾ?"

"ಹಾಗಾದ್ರೆ ಸತ್ಯ ಹೊರಗೆ ಬರೋದು ಯಾವಾಗ?"

"ಅದೇನು ಓಡಿಹೋಗುತ್ತಾ? ಬರೋವಾಗ ಬರುತ್ತೆ. ಈಗ ಅನ್ನ ತಣ್ಣಗಾಗುತ್ತೆ, ತಿನ್ನು."

ತಿಂದ. ಆದರೆ ಅನ್ನದ ಜೊತೆ ಇಳಿಯದ್ದೊಂದು ಗಂಟಲಿನಲ್ಲೇ ಉಳಿಯಿತು.

ಅದೂ ಒಂದು ದಿನ ಕರಗುತ್ತಿತ್ತೋ ಏನೋ. ಆದರೆ ಮರುವಾರ ಯಜಮಾನ ಅವನನ್ನು ಕಚೇರಿಗೆ ಕರೆಸಿ, ಪದಕವನ್ನು ಅಂಗೈಯಲ್ಲಿ ಕುಣಿಸುತ್ತ, "ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಕೊಡಯ್ಯಾ. ನಾಲ್ಕೂ ಕಡೆಯಿಂದ ಕಾಣಬೇಕು, ನೋಡು," ಎಂದ. ಹಾಗೆನ್ನುವಾಗ ಅವನ ಕಣ್ಣು ಒಂದು ಸಲವೂ ಅತ್ತಿತ್ತ ಜಾರಲಿಲ್ಲ. ತನ್ನ ಸುಳ್ಳನ್ನು ತಾನೇ ನಂಬಿದ ಮನುಷ್ಯನ ಕಣ್ಣು ಹಾಗೆಯೇ, ಹಸುಗೂಸಿನ ಕಣ್ಣಿನಷ್ಟು ಸ್ವಚ್ಛ. ಗಾಜಿನವನು ಅಳತೆ ತೆಗೆದುಕೊಂಡು, "ಆಗ್ಲಿ ಯಜಮಾನ್ರೇ, ಚೆನ್ನಾಗಿ ಮಾಡಿಕೊಡ್ತೀನಿ," ಎಂದು ಹೇಳಿ ಹೊರಗೆ ಬಂದ. ಬಾಗಿಲು ದಾಟುವಷ್ಟರಲ್ಲಿ ಅವನ ತಲೆಯಲ್ಲಿ ಒಂದು ಯೋಚನೆ ಏಣಿ ಹಾಕಿಕೊಂಡು ಹತ್ತುತ್ತಿತ್ತು.

ಕಳವು ಎಂಬ ಮಾತನ್ನು ಅವನು ಮನಸ್ಸಿನಲ್ಲೂ ಆಡಲಿಲ್ಲ. ತನ್ನ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋದರೆ, ವಾಪಸು ತರುವುದಕ್ಕೆ ಕಳವು ಅಂತಾರೇನು?

ಬಿರುಗಾಳಿ ಊರನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿ ಎಸೆದಿತ್ತು. ಹಾಸಿಗೆಗಳು ಕಾಂಪೌಂಡ್ ಗೋಡೆಗಳ ಮೇಲೆ ಬಿಸಿಲು ಕಾಯುತ್ತಿದ್ದವು. ಐಸ್‌ಕ್ರೀಮಿನ ಗಾಡಿಯೊಂದು ಬಹಳ ದಿನಕ್ಕೆ ಸಿಕ್ಕ ನೆಂಟನ ಹಾಗೆ ದೀಪದ ಕಂಬವನ್ನು ತಬ್ಬಿಕೊಂಡು ನಿಂತಿತ್ತು. ಚಪ್ಪಲಿ ಅಂಗಡಿಯೊಳಗೆ ಒಂದು ದೋಣಿ ನುಗ್ಗಿ ಕುಳಿತಿತ್ತು; ಎಳೆದು ಎಳೆದು ಸೋತ ಅಂಗಡಿಯವನು ಕಡೆಗೆ ದೋಣಿಯಲ್ಲೇ ಚಪ್ಪಲಿ ಜೋಡಿಸಿ ವ್ಯಾಪಾರ ಶುರುಮಾಡಿದ್ದ. ಊರಿನಲ್ಲಿ ಅಧ್ಯಕ್ಷರ ಕನ್ನಡಕ ಬಿಟ್ಟರೆ ಒಂದು ಗಾಜೂ ಉಳಿದಿರಲಿಲ್ಲ. ಹಾಗಾಗಿ ಗಾಜಿನವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಬೆಳಗಾದರೆ ಏಣಿ, ಗಾಜು, ಪುಟ್ಟಿ. ಗಾಜನ್ನು ಚೌಕಟ್ಟಿಗೆ ಕಚ್ಚಿಸುವ ಆ ಪುಟ್ಟಿಯನ್ನು ಅವನು ಸೀಮೆಸುಣ್ಣದ ಪುಡಿಗೆ ಅಗಸೆಯೆಣ್ಣೆ ಹಾಕಿ ತಾನೇ ನಾದುತ್ತಿದ್ದ. ಅಗಲಕ್ಕೂ ಉದ್ದಕ್ಕೂ ಊರಿನ ಎಲ್ಲ ಕಿಟಕಿಗಳ ಮೇಲೆ ಅವನ ಬೆರಳ ಗುರುತಿತ್ತು. ಪೊಲೀಸರು ನಾಳೆ ಬೆರಳಚ್ಚು ಹುಡುಕಿದರೆ ಸುಖವಾಗಿ ಹುಡುಕಲಿ.

ಹೋಟೆಲಿನ ಕಡಲಮುಖದ ಗೋಡೆಗೇ ನಲವತ್ತೆರಡು ಕಿಟಕಿಗಳು. ಬಿರುಗಾಳಿಗೆ ಹೆದರಿದ ಯಜಮಾನ ಮೊದಲ ಮಹಡಿಯ ಎಡತುದಿಯಲ್ಲಿದ್ದ ತನ್ನ ಕಚೇರಿಗೆ ಮಾತ್ರ ತೆರೆಯಲಾಗದ ಕಿಟಕಿ ಮಾಡಿಸಿದ್ದ: ಕದವಿಲ್ಲ, ಚಿಲಕವಿಲ್ಲ, ಚೌಕಟ್ಟು ತುಂಬ ಒಂದೇ ಗಾಜು. ಆ ಕೋಣೆಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ಕೀಲಿ, ಆ ಕೀಲಿ ಹಗಲೂ ಇರುಳೂ ಯಜಮಾನನ ಕುತ್ತಿಗೆಯ ಸರಪಳಿಯಲ್ಲಿ. ಹಕ್ಕಿ ಕೂಡ ಹೋಗಲಾಗದ ಕೋಣೆ.

ಗಾಜಿನವನು ಆ ಒಂದು ಕಿಟಕಿಗೆಂದು ಬೇರೆ ಪುಟ್ಟಿ ನಾದಿದ. ಎಣ್ಣೆ ಎರಡರಷ್ಟು. ಉಳಿದ ನಲವತ್ತೊಂದು ಕಿಟಕಿಗಳ ಪುಟ್ಟಿ ಒಂದು ವಾರದಲ್ಲಿ ಗಟ್ಟಿಯಾಗುತ್ತದೆ; ಇದು ತಿಂಗಳಾದರೂ ಬೆಣ್ಣೆಯ ಹಾಗೆ ಇರುತ್ತದೆ. ಹೊರಗಿನಿಂದ ಕೆರೆದರೆ ಗಾಜು ಕೈಗೆ ಬರುತ್ತದೆ. ಕೆಲಸ ಮುಗಿಸಿ ಮತ್ತೆ ಕೂರಿಸಿ ಪುಟ್ಟಿ ಮೆತ್ತಿದರೆ, ದೇವರಿಗೂ ಗೊತ್ತಾಗುವುದಿಲ್ಲ. ಅವನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಇಷ್ಟು ಚೆನ್ನಾಗಿ ಲೆಕ್ಕ ಕೂಡಿಸಿದ್ದನ್ನು ನೋಡಿದ್ದರೆ ಅವನ ಮೇಷ್ಟ್ರು ಬೆತ್ತ ಕೆಳಗಿಡುತ್ತಿದ್ದರು.

ಪೆಟ್ಟಿಗೆಯನ್ನೂ ಹಾಗೆಯೇ ಮಾಡಿದ. ನಾಲ್ಕು ಕಡೆ ಗಾಜು, ಮೇಲೆ ಗಾಜು, ಅಡಿಗೆ ಮಾತ್ರ ಹಲಗೆ. ಆ ಹಲಗೆ ಒಂದು ಕಡೆ ಒತ್ತಿದರೆ ಸದ್ದಿಲ್ಲದೆ ಜಾರುತ್ತಿತ್ತು. ಅದು ಮಾಡಿದವನಿಗೆ ಮಾತ್ರ ಗೊತ್ತು.

ಮುಹೂರ್ತವನ್ನು ಯಜಮಾನನೇ ಇಟ್ಟುಕೊಟ್ಟ. ಬಿರುಗಾಳಿಯಾದ ಮೇಲೆ ಮೊದಲ ಪ್ರವಾಸಿ ಹಡಗು ಬರುವ ದಿನ. ಮಧ್ಯಾಹ್ನ ಮೂರು ಗಂಟೆಗೆ ಹೊಸ ದೋಣಿಕಟ್ಟೆಯಲ್ಲಿ ಸ್ವಾಗತ, ಇಡೀ ಊರು ಅಲ್ಲಿ. ಸಂಜೆ ಹೋಟೆಲಿನಲ್ಲಿ ಚಹಾ; ಬಟ್ಟೆ ಮುಚ್ಚಿ ರಿಬ್ಬನ್ ಕಟ್ಟಿದ ಪೆಟ್ಟಿಗೆಯನ್ನು ಯಜಮಾನ ಸ್ವತಃ ಕಚೇರಿಯಿಂದ ಹೊತ್ತು ತರುವುದು, ಅಧ್ಯಕ್ಷರು ರಿಬ್ಬನ್ ಕತ್ತರಿಸುವುದು, ಬಟ್ಟೆ ಸರಿಸುವುದು. ಬಟ್ಟೆ ಸರಿದಾಗ ಒಳಗೆ ಏನೂ ಇರಬಾರದು. ಗಾಜಿನವನಿಗೆ ಬೇಕಿದ್ದದ್ದು ಅದೇ. ಪದಕದ ತೂಕವಲ್ಲ, ಆ ಗಳಿಗೆಯಲ್ಲಿ ಯಜಮಾನನ ಮುಖ.

ಒಂದೇ ಒಂದು ಚಿಂತೆ ಇತ್ತು: ಅಕ್ಕ. ಅವಳ ಮೇಲೆ ಅನುಮಾನ ಬರಬಾರದು. ಆದರೆ ಅವಳ ಕೈಗೆ ಆ ಕೋಣೆಯ ಕೀಲಿ ಯಾವತ್ತೂ ಸಿಕ್ಕಿದ್ದಿಲ್ಲ. ಮೂರು ಗಂಟೆಗೆ ಅವಳೂ ಎಲ್ಲ ಕೆಲಸದವರ ಜೊತೆ ದೋಣಿಕಟ್ಟೆಯಲ್ಲಿ ಸಾಲಾಗಿ ನಿಂತಿರುತ್ತಾಳೆ, ಕೈಯಲ್ಲಿ ಕಾಗದದ ಬಾವುಟ ಹಿಡಿದು. ಆ ಚಿಂತೆಯೂ ಕಳೆಯಿತು.

ಹಿಂದಿನ ವಾರವಿಡೀ ಅವಳ ಬಾಯಲ್ಲಿ ಕಿಟಕಿಯ ಗೀಟುಗಳ ಮಾತು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹೊಸ ಗಾಜು ಹಾಕಿದ ಕೂಡಲೇ ಅದರ ಮೇಲೆ ಸುಣ್ಣದಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆಯುವುದು ಅವರಪ್ಪನ ಕಾಲದ ಪದ್ಧತಿ. ಒಳ್ಳೆಯ ಗಾಜು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೆ ಯಾರೋ ಮೂಗು ಜಜ್ಜಿಕೊಳ್ಳುತ್ತಾರೆ. ಅಪ್ಪ ಒಮ್ಮೆ ಗೀಟು ಎಳೆಯಲು ಮರೆತು ಬ್ಯಾಂಕ್ ಮ್ಯಾನೇಜರೊಬ್ಬರು ಗಾಜಿನ ಮೂಲಕ ನೇರವಾಗಿ ತಮ್ಮ ಕುರ್ಚಿಗೆ ಹೋಗಿದ್ದರಂತೆ. ಯಜಮಾನನಿಗೆ ಆ ಗೀಟು ಕಂಡರಾಗದು.

"ಏನಯ್ಯಾ ಇದು! ಪೆದ್ದನ ಪರೀಕ್ಷೆ ಪೇಪರ್ ಆಗಿದೆಯಲ್ಲೋ ನನ್ನ ಹೋಟೆಲು! ಎಲ್ಲಿ ನೋಡಿದ್ರೂ ತಪ್ಪು, ತಪ್ಪು, ತಪ್ಪು! ಶಾಲೇಲಿ ನಿನಗೆ ಹಾಕಿದ್ದನ್ನೆಲ್ಲಾ ತಂದು ನನ್ನ ಕಿಟಕಿಗೆ ಹಾಕ್ತಿದ್ದೀಯಾ?"

ಹಡಗು ಬರುವಷ್ಟರಲ್ಲಿ ಎಲ್ಲವನ್ನೂ ಒರೆಸಬೇಕೆಂದು ಅಕ್ಕನಿಗೆ ಅಪ್ಪಣೆಯಾಯಿತು. ಉದ್ದನೆಯ ಬಿದಿರುಕೋಲಿಗೆ ಒದ್ದೆ ಬಟ್ಟೆ ಕಟ್ಟಿ, ಮರಳಿನ ಮೇಲೆ ನಿಂತು, ಕತ್ತು ಮೇಲೆತ್ತಿ ಅವಳು ಉಜ್ಜಿದ್ದೇ ಉಜ್ಜಿದ್ದು. "ಏನು ಸುಣ್ಣನೋ ಮಾರಾಯ ಇದು! ಹಸಿ ಇದ್ದಾಗ ಕಾಣೋದೇ ಇಲ್ಲ, ಒಣಗಿದ್ಮೇಲೆ ಬಿಡೋದೇ ಇಲ್ಲ. ಥೇಟ್ ನಿನ್ನ ಸಿಟ್ಟಿನ ಥರ," ಎಂದು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಬೈದಳು. ಅವನು ನಕ್ಕ. ಆ ವಾರ ಅವನು ಎಲ್ಲದಕ್ಕೂ ನಗುತ್ತಿದ್ದ.

ಆ ದಿನ ಬಿಸಿಲು ಹೊಸ ತಗಡಿನ ಹಾಗೆ ಹೊಳೆಯುತ್ತಿತ್ತು. ಎರಡೂವರೆಗೆ ಅಂಚೆ ಮಾಸ್ತರರು ಟೋಪಿ ಇಟ್ಟುಕೊಂಡು ಹೊರಟರು. ಅವರ ಗೋಡೆಗೆ ಏಣಿ ಆನಿಸಿಕೊಂಡು ನಿಂತಿದ್ದ ಗಾಜಿನವನನ್ನು ನೋಡಿ, "ಬಾರಪ್ಪಾ, ಹಡಗು ನೋಡೋಣ," ಎಂದರು.

"ನೀವು ನಡೀರಿ ಮಾಸ್ತರೇ. ಇದೊಂದು ಕಿಟಕಿ ಮುಗಿಸಿ ಬಂದೆ. ಹಡಗು ಕಾಯುತ್ತೆ, ಪುಟ್ಟಿ ಕಾಯಲ್ಲ."

"ಆಹಾ, ಮಾತು ನೋಡು!" ಎಂದು ನಗುತ್ತ ಅವರು ಹೋದರು.

ಐದು ನಿಮಿಷ ಬಿಟ್ಟು ಅವನು ಏಣಿಯನ್ನು ಹೆಗಲಿಗೇರಿಸಿ ಹೋಟೆಲಿನ ಕಡಲಮುಖಕ್ಕೆ ತಿರುಗಿದ. ಸೊಂಟದ ಎಡಕ್ಕೆ ಪುಟ್ಟಿಯ ಡಬ್ಬಿ, ಬಲಕ್ಕೆ ಸುಣ್ಣದ ಡಬ್ಬಿ, ಜೇಬಿನಲ್ಲಿ ಚಪ್ಪಟೆ ಉಳಿ, ಗಾಜು ಕಚ್ಚುವ ರಬ್ಬರು ಹಿಡಿ. ದಿನವೂ ಇರುವ ವೇಷ. ಬಲೂನು ಮಾರುವವನೊಬ್ಬ ದೋಣಿಕಟ್ಟೆಯ ಕಡೆ ಓಡುತ್ತ ಅವನಿಗೆ ಕೈ ಬೀಸಿದ, ಇವನೂ ಬೀಸಿದ. ಏಣಿ ಹೊತ್ತ ಗಾಜಿನವನನ್ನು ಈ ಊರಿನಲ್ಲಿ ಯಾರು ನೋಡುತ್ತಾರೆ? ಕತ್ತಲಾಗಲಿ ಎಂದು ಕಾಯುವವರು ದಡ್ಡ ಕಳ್ಳರು. ಕತ್ತಲಲ್ಲಿ ಏಣಿ ಹತ್ತಿದವನು ಕಳ್ಳ, ಹಗಲಲ್ಲಿ ಹತ್ತಿದವನು ಕೆಲಸಗಾರ.

ಕಿಟಕಿ ಕನ್ನಡಿಯ ಹಾಗಿತ್ತು. ಅದರಲ್ಲಿ ತನ್ನದೇ ಮುಖ ಕಂಡು ಅವನು ಕಣ್ಣು ಹೊಡೆದ. ಉಳಿ ತಾಗಿಸಿದ್ದೇ ಪುಟ್ಟಿ ಚಕ್ಕುಲಿ ಹಿಟ್ಟಿನ ಹಾಗೆ ಸುರುಳಿ ಸುರುಳಿಯಾಗಿ ಬಂತು. ಒಂದು ಚೂರೂ ಕೆಳಗೆ ಬೀಳದಂತೆ ಡಬ್ಬಿಗೆ ಹಾಕಿಕೊಂಡ. ರಬ್ಬರು ಹಿಡಿ ಒತ್ತಿ, ಗಾಜನ್ನು ಕಿತ್ತು ಒಳಗೆ ಗೋಡೆಗೆ ಒರಗಿಸಿ, ಚಪ್ಪಲಿ ಏಣಿಯ ಮೇಲೆಯೇ ಬಿಟ್ಟು ಒಳಗಿಳಿದ. ದೂರದಲ್ಲಿ ಬ್ಯಾಂಡು ಶುರುವಾಯಿತು. ಯಾರೋ ತಮಟೆಯವನು ತಾಳ ತಪ್ಪುತ್ತಿದ್ದ.

ಪೆಟ್ಟಿಗೆ ಮೇಜಿನ ಮೇಲೆ ಮದುಮಗಳ ಹಾಗೆ ಮುಸುಕು ಹಾಕಿಕೊಂಡು ಕುಳಿತಿತ್ತು. ರಿಬ್ಬನ್ನಿನ ಗಂಟು ಮುಟ್ಟದೆ ಅದನ್ನು ಮೇಜಿನ ಅಂಚಿಗೆ ಎಳೆದು, ಅಡಿಹಲಗೆ ಒತ್ತಿದ. ಜಾರಿತು. ಪದಕ ಅಂಗೈಗೆ ಬಿತ್ತು. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಹಿಂಬದಿಯಲ್ಲಿ 'ಧೈರ್ಯಕ್ಕೆ' ಎಂದು ಕೆತ್ತಿತ್ತು, ಕೆಳಗೆ ಯಜಮಾನನ ಹೆಸರು. ಆ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಮಾತ್ರ ಓದಿದ. ಈಗ ಸರಿಯಾಗಿತ್ತು.

ಪದಕವನ್ನು ಪುಟ್ಟಿಯ ಮುದ್ದೆಯೊಳಗೆ ಹುಗಿದ. ಹಲಗೆ ಸರಿಸಿದ, ಪೆಟ್ಟಿಗೆಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿದ, ನೆಲ ನೋಡಿದ: ಮರಳಿನ ಒಂದು ಕಣವೂ ಇಲ್ಲ. ಹೊರಗೆ ಬಂದು ಏಣಿಯ ಮೇಲೆ ನಿಂತು ಗಾಜನ್ನು ಮತ್ತೆ ಕೂರಿಸಿದ. ಸುತ್ತ ಪುಟ್ಟಿ ಎಳೆದು ಹೆಬ್ಬೆರಳಿನಿಂದ ಒತ್ತುವಷ್ಟರಲ್ಲಿ ಹಡಗಿನ ಸಿಳ್ಳೆ ಕೇಳಿಸಿತು. ಅವನ ಮನಸ್ಸು ಆಗಲೇ ಸಂಜೆಗೆ ಓಡಿಹೋಗಿ, ಬಟ್ಟೆ ಸರಿದ ಪೆಟ್ಟಿಗೆಯ ಮುಂದೆ ಯಜಮಾನನ ಬಾಯಿ ಎಷ್ಟಗಲ ತೆರೆಯುತ್ತದೆ ಎಂದು ಅಳತೆ ಹಾಕುತ್ತಿತ್ತು. ಉಳಿದ ಕೆಲಸವನ್ನು ಕೈಗಳೇ ಮಾಡಿ ಮುಗಿಸಿದವು. ಅವಕ್ಕೆ ಹದಿನಾಲ್ಕು ವರ್ಷದ ಅಭ್ಯಾಸ. ಕೆಳಗಿಳಿದು ಒಮ್ಮೆ ಕತ್ತೆತ್ತಿ ನೋಡಿದ. ಗಾಜಿನಲ್ಲಿ ಆಕಾಶವಿತ್ತು, ಒಂದು ಕಡಲಕ್ಕಿ ಇತ್ತು, ಬೇರೇನೂ ಇರಲಿಲ್ಲ.

ಹಡಗಿನಿಂದ ಮೊದಲ ಪ್ರವಾಸಿ ಇಳಿಯುವಾಗ ಅವನು ದೋಣಿಕಟ್ಟೆಯಲ್ಲಿ ಅಂಚೆ ಮಾಸ್ತರರ ಪಕ್ಕ ನಿಂತಿದ್ದ.

"ಮುಗೀತೇನಪ್ಪಾ ಕಿಟಕಿ?"

"ಮುಗೀತು ಮಾಸ್ತರೇ. ಬೆಣ್ಣೆ ಥರ."

ಸಂಜೆಯ ಚಹಾಕ್ಕೆ ಅವನಿಗೂ ಕರೆ ಇತ್ತು, ಪೆಟ್ಟಿಗೆ ಮಾಡಿದವನಲ್ಲವೇ. ಪುಟ್ಟಿಯ ಡಬ್ಬಿಯನ್ನು ಮನೆಯ ಅಟ್ಟದ ಮೇಲೆ ಅಂಥವೇ ಹನ್ನೊಂದು ಡಬ್ಬಿಗಳ ಜೊತೆ ಇಟ್ಟು, ಒಗೆದ ಅಂಗಿ ಹಾಕಿಕೊಂಡು ಹೋದ. ಯಜಮಾನ ಪೆಟ್ಟಿಗೆಯನ್ನು ಎರಡೂ ತೋಳಿನಲ್ಲಿ ಎಳೆಗೂಸಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದ. ಆ ರಾತ್ರಿಯ ಅಲೆಗಳ ಎತ್ತರವನ್ನು ವರ್ಣಿಸಿದ. ಅವು ಪ್ರತಿ ಸಲ ಹೇಳುವಾಗಲೂ ಒಂದೊಂದು ಅಡಿ ಬೆಳೆಯುತ್ತಿದ್ದವು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಬಟ್ಟೆ ಸರಿಯಿತು.

ನಾಲ್ಕೂ ಕಡೆಯಿಂದ ಚೆನ್ನಾಗಿ ಕಾಣುತ್ತಿತ್ತು. ಏನೂ ಇರಲಿಲ್ಲ.

"ಅಬ್ಬಾ, ಎಷ್ಟು ಸ್ವಚ್ಛವಾದ ಗಾಜು!" ಎಂದರು ಕಣ್ಣು ಮಂದವಾದ ಅಧ್ಯಕ್ಷರು, ಮತ್ತು ಚಪ್ಪಾಳೆ ತಟ್ಟಿದರು. ಪ್ರವಾಸಿಗರೂ ತಟ್ಟಿದರು. ಯಜಮಾನನ ಬಾಯಿ ತೆರೆಯಿತು, ಗಾಜಿನವನು ಅಳತೆ ಹಾಕಿದ್ದಕ್ಕಿಂತ ಎರಡು ಬೆರಳು ಹೆಚ್ಚೇ. ಬೆನ್ನ ಮೇಲೆ 'ಅಮ್ಮಾ' ಎಂದು ಕಿರುಚಿದ್ದ ಬಾಯಿ ಅದು. ಈಗ ಅಷ್ಟೂ ಹೊರಡಲಿಲ್ಲ. ಗಾಜಿನವನ ಗಂಟಲಿನಲ್ಲಿ ವಾರಗಟ್ಟಲೆ ಕೂತಿದ್ದದ್ದು ಆ ಕ್ಷಣ ಕರಗಿ, ಚಹಾದ ಜೊತೆ ಸರಾಗವಾಗಿ ಇಳಿಯಿತು.

ಅತಿಥಿಯಾಗಿ ಬಂದಿದ್ದ ಇನ್ಸ್‌ಪೆಕ್ಟರು ಬಿಸ್ಕತ್ತು ಕೆಳಗಿಟ್ಟು ಎದ್ದರು. ಕಡಿಮೆ ಮಾತಿನ ಮನುಷ್ಯ. ಗಂಟು ನೋಡಿದರು, ಸಂಜೆಯ ಬಿಸಿಲಿಗೆ ಪರದೆ ಎಳೆದಿದ್ದ ಕೋಣೆ ನೋಡಿದರು, ಬೀಗ ನೋಡಿದರು, ಯಜಮಾನನ ಕುತ್ತಿಗೆಯ ಕೀಲಿ ನೋಡಿದರು. ಪ್ರತಿಯೊಂದನ್ನು ನೋಡಿದಾಗಲೂ ಅವರ ಹುಬ್ಬು ಒಂದೊಂದು ಮೆಟ್ಟಿಲು ಮೇಲೇರಿತು. ಗಾಜಿನವನು ಬಾಗಿಲ ಬಳಿ ನಿಂತು, ಇನ್ನೆಷ್ಟು ಏರುತ್ತದೋ ಎಂದು ಖುಷಿಯಿಂದ ನೋಡುತ್ತಿದ್ದ.

ಹಾಲಿಗೆ ಮರಳಿದ ಮೇಲೆ ಯಜಮಾನ ಸುತ್ತಲೂ ನೋಡಿ, ಸಿಕ್ಕಿದವರಲ್ಲಿ ಎಲ್ಲರಿಗಿಂತ ಬಡವಳನ್ನು ಆರಿಸಿ, ಚಹಾ ಹಂಚುತ್ತಿದ್ದ ಅಕ್ಕನ ಕಡೆ ಬೆರಳು ತೋರಿಸಿದ. "ಇವಳು! ಬೆಳಿಗ್ಗೆಯಿಂದ ಕಚೇರಿ ಕಿಟಕಿ ಹತ್ರ ಓಡಾಡ್ತಿದ್ದವಳು ಇವಳೊಬ್ಬಳೇ ಸಾರ್!"

"ಏನಂದ್ರಿ?" ಅಕ್ಕ ಚಹಾದ ತಟ್ಟೆಯನ್ನು ಟಣ್ಣೆಂದು ಕುಕ್ಕಿದಳು. "ಯಜಮಾನ್ರೇ, ಆ ಕೋಣೆ ಒಳಗೆ ನಾನು ಕಾಲೇ ಇಟ್ಟಿಲ್ಲ. ಕೆಳಗಡೆ ಮರಳಲ್ಲಿ ನಿಂತು ಕೋಲಲ್ಲಿ ಒರೆಸಿದವಳು ನಾನು!"

"ಒರೆಸಿದ್ಯೋ, ಒಳಗೆ ಇಣುಕಿ ನೋಡ್ತಿದ್ಯೋ, ಯಾರಿಗೆ ಗೊತ್ತು!"

ಗಾಜಿನವನು ಒಂದು ಹೆಜ್ಜೆ ಮುಂದಿಟ್ಟ. ಆದರೆ ಇನ್ಸ್‌ಪೆಕ್ಟರು ಶಾಂತವಾಗಿ, "ಕೋಲಿಗೆ ಪದಕ ಅಂಟಿಕೊಂಡು ಬರಲ್ಲ ಬಿಡಿ," ಎಂದಾಗ ಅವನಿಗೆ ಸಮಾಧಾನವಾಯಿತು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. "ಬನ್ನಿ, ಹೊರಗಿನಿಂದಲೂ ಒಂದ್ಸಲ ನೋಡಿಬಿಡೋಣ. ಗಾಜಿನವರೇ, ನೀವೂ ಬನ್ನಿ. ನಿಮ್ಮ ಕೆಲಸ ತಾನೇ?"

"ಬಂದೆ ಸಾರ್," ಎಂದು ಅವನು ಮುಂದಾಗಿ ನಡೆದ.

ಮರಳಿನ ಮೇಲೆ ಸಂಜೆಯ ಗಾಳಿ ಬೀಸುತ್ತಿತ್ತು. ಪ್ರವಾಸಿಗರು ಇದೂ ಸ್ವಾಗತದ ಕಾರ್ಯಕ್ರಮದಲ್ಲಿ ಸೇರಿದೆ ಎಂದುಕೊಂಡು ಹಿಂದೆಯೇ ಬಂದರು. ಅಕ್ಕ ಎಲ್ಲರನ್ನೂ ಸರಿಸಿ ಇನ್ಸ್‌ಪೆಕ್ಟರ ಎದುರಿಗೇ ನಿಂತಳು, ಸೊಂಟಕ್ಕೆ ಕೈ ಇಟ್ಟು, ಹೋಟೆಲಿಗೆ ಬೆನ್ನು ಹಾಕಿ. ಬಿರುಗಾಳಿಯ ರಾತ್ರಿಯಿಂದ ಬಾಯಿ ಮುಚ್ಚಿಕೊಂಡಿದ್ದವಳು ಈಗ ಇಡೀ ಕಡಲತೀರಕ್ಕೆ ಕೇಳುವ ಹಾಗೆ ಸತ್ಯ ಹೇಳಿದಳು.

"ನಲವತ್ತೆರಡು ಕಿಟಕಿ ಸಾರ್! ನಲವತ್ತೆರಡನ್ನೂ ನಾನೇ ಒರೆಸಿದ್ದು. ಒಂದ್ರಲ್ಲೂ ಒಂದು ಗೀಟು ಉಳಿಸಿಲ್ಲ. ಒಂದು ಗಂಟೆಗೆ ಯಜಮಾನ್ರೇ ಇಲ್ಲಿ ನಿಂತು ಬೆರಳಲ್ಲಿ ಎಣಿಸಿದ್ರು. ಹೇಳಿ ಯಜಮಾನ್ರೇ, ಇದಾದ್ರೂ ಸತ್ಯ ಹೇಳಿ. ಎಲ್ಲಾ ಸ್ವಚ್ಛ ಇತ್ತಾ, ಇಲ್ವಾ?"

"ಇತ್ತು," ಎಂದು ಯಜಮಾನ ಗೊಣಗಿದ. "ಅದೊಂದು ನಿಜ. ಒಂದೂ ಉಳಿದಿರಲಿಲ್ಲ."

ಇನ್ಸ್‌ಪೆಕ್ಟರು ಮೇಲೆ ನೋಡುತ್ತಿದ್ದರು. ಗಾಜಿನವನೂ ನಗುಮುಖದಲ್ಲೇ ಮೇಲೆ ನೋಡಿದ. ಮುಳುಗುವ ಸೂರ್ಯನಿಗೆ ನಲವತ್ತೊಂದು ಕಿಟಕಿಗಳು ತಾಮ್ರದ ತಟ್ಟೆಗಳ ಹಾಗೆ ಒಂದು ಕಲೆಯೂ ಇಲ್ಲದೆ ಉರಿಯುತ್ತಿದ್ದವು. ಮೊದಲ ಮಹಡಿಯ ಎಡತುದಿಯ ಕಿಟಕಿಯ ಮೇಲೆ, ಮೂಲೆಯಿಂದ ಮೂಲೆಗೆ, ಅಪ್ಪ ಕಲಿಸಿದಷ್ಟೇ ನೇರವಾಗಿ, ಚೆನ್ನಾಗಿ ಒಣಗಿದ ಎರಡು ಬಿಳಿ ಸುಣ್ಣದ ಗೀಟುಗಳಿದ್ದವು. ಅಕ್ಕ ತಿರುಗಿ ನೋಡಿದಳು. ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು, ಆದರೆ ಬಾಯಿ ಹೇಳಬೇಕಾದ್ದನ್ನು ಹೇಳಿ ಮುಗಿಸಿತ್ತು. ಇನ್ಸ್‌ಪೆಕ್ಟರು ಗಾಜಿನವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನಿಮ್ಮ ಏಣಿ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದರು.